2011ರ ಏಪ್ರಿಲ್ 27ರ ಟಾರ್ನೆಡೊ ಸರಣಿ: ಮುನ್ಸೂಚನೆ ಸರಿಯಿದ್ದೂ ಅಷ್ಟು ಜನ ಸತ್ತದ್ದೇಕೆ?

ಹವಾಪಟ

ಈ ದಿನದ ಬಗ್ಗೆ ಬೇರೆ ಬೇರೆ ಚರ್ಚೆಗಳಲ್ಲಿ ಚೂರುಚೂರಾಗಿ ಮಾತು ಬಂದಿದೆ. ಎಲ್ಲವನ್ನೂ ಒಂದೆಡೆ ಕೂಡಿಸೋಣ ಎಂದು ಈ ಥ್ರೆಡ್ ತೆರೆದಿದ್ದೇನೆ.

2011ರ ಏಪ್ರಿಲ್ 25ರಿಂದ 28ರ ನಡುವೆ ಅಮೆರಿಕದ ದಕ್ಷಿಣ ಮತ್ತು ಪೂರ್ವದ ರಾಜ್ಯಗಳಲ್ಲಿ 350ಕ್ಕೂ ಹೆಚ್ಚು ಟಾರ್ನೆಡೊಗಳು ಎದ್ದವು. 27ರ ಒಂದೇ ದಿನದ ಲೆಕ್ಕ ಸುಮಾರು 200. ಅವುಗಳಲ್ಲಿ ನಾಲ್ಕು ಇಎಫ್5, ಅಂದರೆ ಟಾರ್ನೆಡೊದ ಬಲ ಹೇಳುವ ಇಎಫ್ ಅಳತೆಗೋಲಿನ ತುತ್ತತುದಿ. ಆ ದಿನ 300ಕ್ಕೂ ಹೆಚ್ಚು ಜನ ಸತ್ತರು, ಅಲಬಾಮಾ ರಾಜ್ಯವೊಂದರಲ್ಲೇ 230ಕ್ಕೂ ಹೆಚ್ಚು.

ಹಾಗಂತ ಹವಾಮಾನದವರು ಮೈಮರೆತಿರಲಿಲ್ಲ. ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಹಲವು ದಿನ ಮೊದಲೇ ಆ ಪ್ರದೇಶವನ್ನು ನಕ್ಷೆಯಲ್ಲಿ ಗುರುತಿಸಿತ್ತು. ಅಂದು ಬೆಳಿಗ್ಗೆ 'ಹೈ ರಿಸ್ಕ್' ಘೋಷಿಸಿತು, ಅದರ ಮೇಲೆ ಇನ್ನೊಂದು ಮಟ್ಟವಿಲ್ಲ. ಟಾರ್ನೆಡೊ ವಾರ್ನಿಂಗ್‌ಗಳು ಸರಾಸರಿ 20 ನಿಮಿಷಕ್ಕೂ ಮುಂಚೆ ಹೊರಟಿದ್ದವು. ಆ ಕಾಲಕ್ಕೆ 13 ನಿಮಿಷ ಸಿಕ್ಕರೆ ಒಳ್ಳೆಯದು ಎನ್ನುತ್ತಿದ್ದರು.

ಇದರ ಪಕ್ಕದಲ್ಲಿ 1974ರ ಏಪ್ರಿಲ್ 3-4ನ್ನು ಇಟ್ಟು ನೋಡಿ. 24 ಗಂಟೆಗಳಲ್ಲಿ 148 ಟಾರ್ನೆಡೊ, 13 ರಾಜ್ಯಗಳು, ಅಲ್ಲೂ ಸತ್ತವರು 300ಕ್ಕೂ ಹೆಚ್ಚು. ಆಗ ಮೋಡದೊಳಗಿನ ಗಾಳಿಯ ವೇಗ ಅಳೆಯುವ ಡಾಪ್ಲರ್ ರೇಡಾರ್ ಜಾಲವೇ ಇರಲಿಲ್ಲ. 37 ವರ್ಷಗಳ ವಿಜ್ಞಾನ ನಡುವೆ ಬಂದಿದ್ದರೂ ಸಾವಿನ ಸಂಖ್ಯೆ ಅಲ್ಲಿಂದಲ್ಲಿಗೇ ನಿಂತಿತು ಎನ್ನುವುದು ನನ್ನನ್ನು ಕೊರೆಯುತ್ತದೆ. ಎಲ್ಲಿ ಸೋರಿತು? ವಾತಾವರಣ, ರೇಡಾರ್, ಎಚ್ಚರಿಕೆ, ಕಟ್ಟಡ ಎಲ್ಲ ಕಡೆಯಿಂದಲೂ ಬಲ್ಲವರು ಬರೆಯಿರಿ.

ಕಾರ್ಮುಗಿಲು

ಮೊದಲು ವಾತಾವರಣ. ಆ ದಿನವನ್ನು ಒಂದೇ ಬಿರುಗಾಳಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮೂರು ಅಲೆಗಳು ಬಂದಿದ್ದವು.

ನಸುಕಿನಲ್ಲಿ ಮಿಸಿಸಿಪ್ಪಿ ಕಡೆಯಿಂದ ಸಾಲುಗಟ್ಟಿದ ಗುಡುಗು ಮೋಡಗಳು ಅಲಬಾಮಾವನ್ನು ಹಾದುಹೋದವು. ಗೀಟಿನಂತೆ ಹಬ್ಬಿದ ಇಂಥ ಮೋಡದ ಸಾಲನ್ನು ಕ್ಯೂಎಲ್‌ಸಿಎಸ್ ಎನ್ನುತ್ತಾರೆ. ಅದರ ಮುಂದಿನಂಚಿನಲ್ಲಿ ಚಿಕ್ಕ ಚಿಕ್ಕ ಟಾರ್ನೆಡೊಗಳು ಮೂಡಿ ಕೆಲವೇ ನಿಮಿಷಗಳಲ್ಲಿ ಅಳಿಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಎರಡನೆಯ ಸಾಲು ಉತ್ತರ ಅಲಬಾಮಾ, ಟೆನ್ನೆಸಿ ಕಡೆ ಹೋಯಿತು. ಮಧ್ಯಾಹ್ನದ ನಂತರ ಬಂದದ್ದು ಮೂರನೆಯದು. ಅದು ಸಾಲಲ್ಲ, ಒಂದರಿಂದೊಂದು ಬಿಡಿಯಾಗಿ ನಿಂತ ಸೂಪರ್‌ಸೆಲ್‌ಗಳು, ಅಂದರೆ ತಾವೇ ಸುತ್ತುವ ದೊಡ್ಡ ಗುಡುಗು ಮೋಡಗಳು. ಹೆಚ್ಚಿನ ಸಾವುಗಳೆಲ್ಲ ಈ ಮೂರನೆಯ ಅಲೆಯವು.

ಸಾಮಾನ್ಯವಾಗಿ ಬೆಳಗಿನ ಮಳೆ ಸಂಜೆಯ ಶಕ್ತಿಯನ್ನು ತಿಂದುಹಾಕುತ್ತದೆ. ನೆಲ ತಣ್ಣಗಾಗುತ್ತದೆ, ಮೋಡ ಬಿಸಿಲನ್ನು ತಡೆಯುತ್ತದೆ. ಅನೇಕ 'ದೊಡ್ಡ ದಿನಗಳು' ಹೀಗೆಯೇ ಠುಸ್ ಆಗಿವೆ. ಆದರೆ ಅಂದು ಮೆಕ್ಸಿಕೊ ಕೊಲ್ಲಿಯಿಂದ ದಕ್ಷಿಣದ ಗಾಳಿ ಎಷ್ಟು ಬಿರುಸಾಗಿ ಬೀಸುತ್ತಿತ್ತೆಂದರೆ, ತಣ್ಣಗಾದ ಗಾಳಿಯನ್ನು ಕೆಲವೇ ಗಂಟೆಗಳಲ್ಲಿ ಉತ್ತರಕ್ಕೆ ತಳ್ಳಿ ಆ ಜಾಗಕ್ಕೆ ಬಿಸಿ, ಹಸಿ ಗಾಳಿಯನ್ನು ಮತ್ತೆ ತಂದು ತುಂಬಿತು. ಬೆಳಗಿನ ಮಳೆ ಬಿಟ್ಟುಹೋದ ತಂಪು ಗಾಳಿಯ ಅಂಚುಗಳು ನೆಲಮಟ್ಟದ ಗಾಳಿಯನ್ನು ಇನ್ನಷ್ಟು ತಿರುಚಿದವು. ಅಂದರೆ ಮೊದಲ ಅಲೆ ಮೂರನೆಯದನ್ನು ಕುಂದಿಸಲಿಲ್ಲ, ಅದಕ್ಕೆ ಹಾದಿ ಮಾಡಿಕೊಟ್ಟಿತು. ಈ ಮಾತು ನೆನಪಿರಲಿ, ಎಚ್ಚರಿಕೆಯ ವಿಷಯಕ್ಕೆ ಬಂದಾಗ ಇದೇ ಮತ್ತೆ ಎದುರಾಗುತ್ತದೆ.

ಪುಟತಿರುವು

ನಡುವೆ ಒಂದು ಪದದ ತಕರಾರು. ನಾವು 'ಸುಂಟರಗಾಳಿ' ಎಂದರೆ ಬೇಸಿಗೆಯ ಹೊಲದಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಸುತ್ತುವುದು ಎಂದುಕೊಳ್ಳುತ್ತೇವೆ. ಪತ್ರಿಕೆಗಳು ಟಾರ್ನೆಡೊಗೂ ಅದನ್ನೇ ಬರೆಯುತ್ತವೆ, ಕೆಲವೊಮ್ಮೆ 'ಚಂಡಮಾರುತ' ಎಂದೂ ಬರೆದುಬಿಡುತ್ತವೆ. ಯಾವುದು ಸರಿ?

ಕಾರ್ಮುಗಿಲು

ಒಳ್ಳೆಯ ಪ್ರಶ್ನೆ, ಏಕೆಂದರೆ ಮೂರೂ ಬೇರೆಬೇರೆ. ಹೊಲದ ಧೂಳಿನ ಸುಳಿಗೆ ಮೋಡವೇ ಬೇಡ, ಕಾದ ನೆಲ ಮತ್ತು ಬರಿ ಬಿಸಿಲು ಸಾಕು. ಅದು ಕೆಳಗಿನಿಂದ ಮೇಲೇಳುತ್ತದೆ. ಟಾರ್ನೆಡೊ ಗುಡುಗು ಮೋಡದ ಬುಡಕ್ಕೂ ನೆಲಕ್ಕೂ ನಡುವೆ ನಿಂತ ಸುಳಿ, ಅಗಲ ಕೆಲವು ಹತ್ತು ಮೀಟರಿನಿಂದ ಹಿಡಿದು ಅಪರೂಪಕ್ಕೆ ಕಿಲೋಮೀಟರುಗಟ್ಟಲೆ. ಚಂಡಮಾರುತ ಸಮುದ್ರದ ಮೇಲೆ ಹುಟ್ಟುವಂಥದ್ದು, ನೂರಾರು ಕಿ.ಮೀ. ಹರವು, ದಿನಗಟ್ಟಲೆ ಆಯಸ್ಸು. ಈ ಚರ್ಚೆಯಲ್ಲಿ 'ಟಾರ್ನೆಡೊ' ಎಂದೇ ಬರೆಯೋಣ, ಗೊಂದಲ ಇರುವುದಿಲ್ಲ.

ಪುಟತಿರುವು

ಸರಿ. ಹಾಗಾದರೆ ಇದು ಅಮೆರಿಕಕ್ಕೆ ಮಾತ್ರ ಅಂಟಿದ್ದೇ?

ಕಾರ್ಮುಗಿಲು

ಅಲ್ಲ. ದಾಖಲಾದ ಟಾರ್ನೆಡೊಗಳಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಬಾಂಗ್ಲಾದೇಶದ ದೌಲತ್‌ಪುರ-ಸಟೂರಿಯಾದಲ್ಲಿ, 1989ರ ಏಪ್ರಿಲ್ 26ರಂದು, ಸುಮಾರು 1300 ಜನ. ಪಾಕವಿಧಾನ ಎರಡೂ ಕಡೆ ಒಂದೇ: ಕೆಳಗೆ ಕೊಲ್ಲಿಯ ಹಸಿ ಗಾಳಿ, ಅದರ ಮೇಲೆ ಒಣ ಪ್ರಸ್ಥಭೂಮಿಯಿಂದ ಬಂದ ಬಿಸಿ ಒಣಗಾಳಿಯ ಪದರ, ಎಲ್ಲಕ್ಕೂ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿ. ನಡುವಿನ ಒಣ ಪದರ ಕುಕ್ಕರಿನ ಮುಚ್ಚಳವಿದ್ದಂತೆ. ಮಧ್ಯಾಹ್ನದವರೆಗೆ ಮೋಡ ಮೇಲೇಳದಂತೆ ಅದುಮಿ ಹಿಡಿದು, ಒಮ್ಮೆ ಕಿತ್ತುಕೊಂಡರೆ ಎಲ್ಲ ಶಕ್ತಿಯನ್ನೂ ಒಟ್ಟಿಗೇ ಬಿಡುತ್ತದೆ.

ಹವಾಪಟ

ಅಂಕಿಗಳನ್ನೂ ಹಾಕೋಣ. ವಾತಾವರಣ ಜೋರು ಟಾರ್ನೆಡೊಗೆ ಎಷ್ಟು ಹದವಾಗಿದೆ ಎಂದು ಹೇಳುವ ಸಿಗ್ನಿಫಿಕೆಂಟ್ ಟಾರ್ನೆಡೊ ಪ್ಯಾರಾಮೀಟರ್, ಅಂದರೆ ಎಸ್‌ಟಿಪಿ ಲೆಕ್ಕ ಹಾಕುವುದು ಹೀಗೆ. ಕೇಪ್ ಅನ್ನು (ಗಾಳಿ ಮೇಲೇಳಲು ಸಿಗುವ ಶಕ್ತಿ) 1500ರಿಂದ ಭಾಗಿಸಬೇಕು. ಮೋಡದ ಬುಡದ ಎತ್ತರವನ್ನು 2000 ಮೀಟರಿನಿಂದ ಕಳೆದು 1000ದಿಂದ ಭಾಗಿಸಬೇಕು. ಕೆಳಗಿನ 1 ಕಿ.ಮೀ.ನ ಎಸ್‌ಆರ್‌ಎಚ್ ಅನ್ನು (ಗಾಳಿಯ ತಿರುಚಿನ ಅಳತೆ) 150ರಿಂದ, 6 ಕಿ.ಮೀ.ವರೆಗಿನ ಶಿಯರನ್ನು (ಎತ್ತರ ಏರಿದಂತೆ ಗಾಳಿ ಬದಲಾಗುವ ಪ್ರಮಾಣ) 20 ಮೀ/ಸೆ.ನಿಂದ ಭಾಗಿಸಬೇಕು. ನಾಲ್ಕನ್ನೂ ಗುಣಿಸಿದರೆ ಉತ್ತರ. ಆ ಸಂಜೆಯನ್ನು ಹೋಲುವ ಮಾದರಿ ಅಂಕಿಗಳನ್ನು ಹಾಕಿದೆ: ಕೇಪ್ 3000, ಬುಡ 800 ಮೀ., ಎಸ್‌ಆರ್‌ಎಚ್ 400, ಶಿಯರ್ 30. ಕ್ರಮವಾಗಿ 2, 1.2, 2.67, 1.5. ಗುಣಲಬ್ಧ 9.6. ಸರಿಯೇ?

ಕಾರ್ಮುಗಿಲು

ಒಂದು ಕಡೆ ಜಾರಿದ್ದೀರಿ, ತುಂಬಾ ಜನ ಜಾರುವ ಜಾಗವೇ ಅದು. ಮೋಡದ ಬುಡ 1000 ಮೀಟರಿಗಿಂತ ಕೆಳಗಿದ್ದರೆ ಆ ಅಂಶವನ್ನು 1ಕ್ಕೇ ನಿಲ್ಲಿಸಬೇಕು, 1.2 ಬರೆಯುವಂತಿಲ್ಲ. ಶಿಯರಿನ ಅಂಶಕ್ಕೂ 1.5ರ ಮೇಲೆ ಬೀಗ ಇದೆ, ನೀವು ಹಾಕಿದ 30 ಸರಿಯಾಗಿ ಅಲ್ಲಿಗೇ ಮುಟ್ಟಿದೆ. ಶಿಯರ್ 12.5 ಮೀ/ಸೆ. ದಾಟದಿದ್ದರೆ ಸೊನ್ನೆ ಹಾಕಬೇಕು. ಹಾಗಾಗಿ ಉತ್ತರ 8. ಇದೂ ಬಹಳ ದೊಡ್ಡದೇ, 1 ದಾಟಿದರೇ ಮುನ್ಸೂಚಕರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಆದರೆ ಈ ಸಂಖ್ಯೆಯನ್ನು ನೆಚ್ಚಿ ಕೂರಬೇಡಿ. ಇದು ಗುಣಾಕಾರ. ಅದೇ ಲೆಕ್ಕದಲ್ಲಿ ಕೇಪ್ ಮಾತ್ರ 500 ಎಂದು ಹಾಕಿ, 8 ಇದ್ದದ್ದು 1.3ಕ್ಕೆ ಇಳಿಯುತ್ತದೆ. ಆದರೆ ಚಳಿಗಾಲದ ರಾತ್ರಿಗಳಲ್ಲಿ ಕಡಿಮೆ ಕೇಪ್, ಜೋರು ಶಿಯರ್ ಇರುವಾಗಲೂ ಜನ ಸಾಯುತ್ತಾರೆ. ಮತ್ತೆ, ಮೋಡಗಳು ಬಿಡಿಯಾಗಿ ನಿಲ್ಲುತ್ತವೆಯೇ ಸಾಲುಗಟ್ಟುತ್ತವೆಯೇ ಎಂಬುದು ಈ ಸೂತ್ರಕ್ಕೆ ಗೊತ್ತಾಗುವುದಿಲ್ಲ. ಎಂಟೇ ಇರಲಿ, ಮುಚ್ಚಳ ಕಿತ್ತುಕೊಳ್ಳದಿದ್ದರೆ ಮೋಡವೇ ಹುಟ್ಟದು.

ಎಸ್‌ಆರ್‌ಎಚ್ ಎಂದರೆ ಏನು ಎಂದು ಕೇಳುವವರಿಗೆ: ಎತ್ತರ ಏರಿದಂತೆ ಗಾಳಿಯ ದಿಕ್ಕು, ವೇಗ ಬದಲಾದರೆ ಗಾಳಿಯಲ್ಲಿ ಅಡ್ಡಡ್ಡ ಉರುಳುವ ಸುಳಿ ಇರುತ್ತದೆ, ಲಟ್ಟಣಿಗೆ ಉರುಳಿದ ಹಾಗೆ. ಮೋಡದ ಮೇಲೇಳುವ ಗಾಳಿ ಆ ಲಟ್ಟಣಿಗೆಯನ್ನು ಎತ್ತಿ ನಿಲ್ಲಿಸುತ್ತದೆ. ಮೋಡ ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಇಂಥ ಸುಳಿ ಎಷ್ಟು ಅನ್ನುವುದರ ಅಳತೆ ಅದು. ಕೆಳಗಿನ ಒಂದು ಕಿಲೋಮೀಟರಿನದ್ದೇ ಮುಖ್ಯ, ಮೇಲಿನದ್ದು ಸೂಪರ್‌ಸೆಲ್ ಆಗಲು ಸಾಕು, ಟಾರ್ನೆಡೊ ಆಗಲು ಸಾಲದು.

ರೇಡಾರ್‌ಕಣ್ಣು

ರೇಡಾರಿನ ಬಗ್ಗೆ ನನ್ನ ಪಾಲು. 'ರೇಡಾರಿನಲ್ಲಿ ಟಾರ್ನೆಡೊ ಕಂಡಿತು' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ರೇಡಾರಿನ ಅತಿ ತಗ್ಗಿನ ಕಿರಣವನ್ನು ಸಾಮಾನ್ಯವಾಗಿ 0.5 ಡಿಗ್ರಿ ಎತ್ತಿ ಬಿಡುತ್ತಾರೆ. ಭೂಮಿ ದುಂಡಗಿರುವುದರಿಂದ ದೂರ ಹೋದಂತೆ ಕಿರಣ ನೆಲದಿಂದ ಮೇಲೆ ಹೋಗುತ್ತದೆ. 100 ಕಿ.ಮೀ. ದೂರಕ್ಕೆ ಸುಮಾರು ಒಂದೂವರೆ ಕಿ.ಮೀ. ಎತ್ತರ, 150 ಕಿ.ಮೀ.ಗೆ 2.6 ಕಿ.ಮೀ. ಕಿರಣದ ದಪ್ಪವೇ 100 ಕಿ.ಮೀ. ದೂರದಲ್ಲಿ ಒಂದೂವರೆ ಕಿ.ಮೀ. ದಾಟುತ್ತದೆ. ಹಾಗಾಗಿ ಅಲ್ಲಿ ಕಾಣುವುದು ಮೋಡದ ಹೊಟ್ಟೆಯ ತಿರುಗಾಟ, ನೆಲ ಮುಟ್ಟಿದ ಸುಳಿ ಅಲ್ಲ. ಸುತ್ತುತ್ತಿರುವ ಮೋಡಗಳಲ್ಲಿ ಹೆಚ್ಚಿನವು ಟಾರ್ನೆಡೊ ಹಾಕುವುದೇ ಇಲ್ಲ. ಸುಳ್ಳು ಎಚ್ಚರಿಕೆಗಳ ಮೂಲ ಇಲ್ಲಿದೆ.

ಚಿತ್ರ ಓದುವ ಕ್ರಮ ಹೇಳುತ್ತೇನೆ. ಮೊದಲು ಪ್ರತಿಫಲನದ ಚಿತ್ರದಲ್ಲಿ (ಕಿರಣ ಎಷ್ಟು ಜೋರಾಗಿ ಮರಳಿತು ಎಂಬುದರ ಚಿತ್ರ) ಮೋಡದ ನೈರುತ್ಯದ ಬಾಲ ಕೊಕ್ಕೆಯಂತೆ ಬಾಗಿದೆಯೇ ನೋಡಿ. ಕೊಕ್ಕೆ ಕಂಡ ಮಾತ್ರಕ್ಕೆ ನಿಲ್ಲಬೇಡಿ, ಅದೇ ಜಾಗದ ವೇಗದ ಚಿತ್ರಕ್ಕೆ ಹೋಗಿ. ರೇಡಾರಿನ ಕಡೆ ಬರುವ ಗಾಳಿ ಹಸಿರು, ದೂರ ಸರಿಯುವುದು ಕೆಂಪು. ಗಾಢ ಹಸಿರು ಗಾಢ ಕೆಂಪು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಗಿಯಾದ ಸುಳಿ. ನಡುವೆ ಅಂತರವಿದ್ದರೆ ಸಡಿಲ ಸುಳಿ. ನಂತರ ಕೋರಿಲೇಷನ್ ಕೋಎಫಿಷಿಯೆಂಟ್, ಅಂದರೆ ಗಾಳಿಯಲ್ಲಿರುವ ಕಣಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂಬ ಅಳತೆ. ಮಳೆಹನಿಗಳೆಲ್ಲ ಒಂದೇ ತರಹ ಇರುವುದರಿಂದ ಅದು 0.95ರ ಮೇಲಿರುತ್ತದೆ. ಸುಳಿ ಇರುವ ಜಾಗದಲ್ಲೇ ಅದು 0.80ಕ್ಕಿಂತ ಕೆಳಗಿಳಿದು, ಪ್ರತಿಫಲನ ಮಾತ್ರ ಜೋರಾಗಿದ್ದರೆ ಗಾಳಿಯಲ್ಲಿರುವುದು ಮಳೆಯಲ್ಲ, ಮರದ ಚೂರು, ಛಾವಣಿ, ತಗಡು. ಮೂರೂ ಒಂದೇ ಬಿಂದುವಿನಲ್ಲಿ ಕೂಡಲೇಬೇಕು. ಬರಿ ಕೋರಿಲೇಷನ್ ಇಳಿದರೆ ಅದು ಆಲಿಕಲ್ಲು ಬೆರೆತ ಮಳೆಯೋ, ಹಕ್ಕಿಗಳ ಹಿಂಡೋ, ಮಳೆಯಿಲ್ಲದ ಒಳಹರಿವಿನ ಗಾಳಿಯೋ ಇರಬಹುದು.

ಇದರಲ್ಲಿ ಒಂದು ಕಹಿ ಸತ್ಯವಿದೆ. ಅವಶೇಷ ರೇಡಾರಿನಲ್ಲಿ ಕಾಣುವ ಹೊತ್ತಿಗೆ ಯಾರದೋ ಮನೆ ಹೋಗಿರುತ್ತದೆ. ಅದು ಮುಂದಿನ ಊರಿಗೆ ಮಾತ್ರ ಎಚ್ಚರಿಕೆ.

2011ರ ಏಪ್ರಿಲ್‌ನಲ್ಲಿ ಸರ್ಕಾರಿ ಜಾಲದ ಬಹುತೇಕ ರೇಡಾರ್‌ಗಳಿಗೆ ಈ ಕೋರಿಲೇಷನ್ ಅಳತೆ ಬಂದಿರಲಿಲ್ಲ. ಜಾಲ ಪೂರ್ತಿ ಬದಲಾದದ್ದು 2013ಕ್ಕೆ. ಆದರೂ ಅಲಬಾಮಾದ ಟಸ್ಕಲೂಸಾವನ್ನು ಸೀಳಿದ ಟಾರ್ನೆಡೊ ಎಷ್ಟು ಅವಶೇಷ ಎತ್ತಿತ್ತೆಂದರೆ ಬರಿ ಪ್ರತಿಫಲನದಲ್ಲೇ ಕೊಕ್ಕೆಯ ತುದಿಗೆ ಚೆಂಡಿನಂತೆ ಕಾಣುತ್ತಿತ್ತು. ಆ ಒಂದೇ ಸೂಪರ್‌ಸೆಲ್ ಮಿಸಿಸಿಪ್ಪಿಯಲ್ಲಿ ಹುಟ್ಟಿ ನಾರ್ತ್ ಕೆರೊಲೈನಾದಲ್ಲಿ ಅಳಿಯುವ ಹೊತ್ತಿಗೆ ಏಳು ಗಂಟೆಗೂ ಹೆಚ್ಚು ಕಾಲ ಬದುಕಿ ಸುಮಾರು 610 ಕಿ.ಮೀ. ಸಾಗಿತ್ತು. ಹಾದಿಯಲ್ಲಿ ಅದು ಹಾಕಿದ ಟಸ್ಕಲೂಸಾ-ಬರ್ಮಿಂಗ್‌ಹ್ಯಾಮ್ ಟಾರ್ನೆಡೊದ ಹೆಜ್ಜೆಗುರುತು 130 ಕಿ.ಮೀ., ಅತಿ ಹೆಚ್ಚಿನ ಅಗಲ 2.4 ಕಿ.ಮೀ., ಸಾವು 64.

ತುರ್ತುಕರೆ

ಈಗ ಮೂಲ ಪ್ರಶ್ನೆಗೆ. ನನ್ನ ಉತ್ತರ ಬೆಳಗಿನ ಅಲೆಯಲ್ಲಿದೆ.

ನಸುಕಿನ ಬಿರುಗಾಳಿ ಲಕ್ಷಾಂತರ ಮನೆಗಳ ಕರೆಂಟ್ ತೆಗೆದುಬಿಟ್ಟಿತು. ಎಚ್ಚರಿಕೆ ಬಿತ್ತರಿಸುವ ನೋವಾ ವೆದರ್ ರೇಡಿಯೊದ ಕೆಲವು ಗೋಪುರಗಳೂ ಸದ್ದಡಗಿದವು. ಟಿವಿ ಇಲ್ಲ, ಇಂಟರ್‌ನೆಟ್ ಇಲ್ಲ, ಸೈರನ್ ಕಂಬಗಳಲ್ಲಿ ಬ್ಯಾಟರಿ ಬ್ಯಾಕಪ್ ಇಲ್ಲದವು ಮೂಕ. ಮೊಬೈಲಿಗೆ ತಾನಾಗಿ ಬರುವ ತುರ್ತು ಸಂದೇಶದ ವ್ಯವಸ್ಥೆ ಶುರುವಾದದ್ದು 2012ರಲ್ಲಿ. ಹಾಗಾಗಿ ಹವಾಮಾನ ಕಚೇರಿ 20 ನಿಮಿಷ ಮೊದಲು ಗುಂಡಿ ಒತ್ತಿದ್ದು ನಿಜ, ಆದರೆ ಅದು ಎಷ್ಟೋ ಮನೆಗಳ ಬಾಗಿಲಿಗೆ ಬರಲೇ ಇಲ್ಲ. ಮತ್ತೊಂದು ತೊಂದರೆ: ಬೆಳಿಗ್ಗೆ ಅಷ್ಟು ಜೋರು ಬಿರುಗಾಳಿ ಕಂಡವರಲ್ಲಿ 'ಹೇಳಿದ್ದು ಬಂದುಹೋಯಿತು' ಎನ್ನುವ ನಿರಾಳ ಮೂಡುವುದು ಸಹಜ. ಒಂದೇ ದಿನ ಹಲವು ಅಲೆಗಳಿರುವಾಗ ಎಚ್ಚರಿಕೆಯಲ್ಲಿ 'ಇದು ಮೊದಲನೆಯದು, ಮುಖ್ಯವಾದದ್ದು ಸಂಜೆ ಇಷ್ಟು ಗಂಟೆಗೆ' ಎಂದು ಬಿಡಿಸಿ ಹೇಳದಿದ್ದರೆ ಜನ ಇಡೀ ದಿನಕ್ಕೆ ಒಂದೇ ಲೆಕ್ಕ ಹಾಕುತ್ತಾರೆ.

ವಾಚ್, ವಾರ್ನಿಂಗ್ ಎರಡನ್ನೂ ಒಂದೇ ಎಂದುಕೊಳ್ಳುವವರು ಈಗಲೂ ಇದ್ದಾರೆ. ವಾಚ್ ಎಂದರೆ ಹಲವು ಜಿಲ್ಲೆಗಳಷ್ಟು ದೊಡ್ಡ ಪ್ರದೇಶದಲ್ಲಿ ಮುಂದಿನ ಕೆಲವು ಗಂಟೆ ಸಾಧ್ಯತೆ ಇದೆ ಎಂದು. ಆಗಲೇ ಬೂಟು, ಹೆಲ್ಮೆಟ್, ಟಾರ್ಚು, ಔಷಧಿಗಳನ್ನು ಅಡಗುವ ಕೋಣೆಗೆ ಸೇರಿಸಬೇಕು, ಫೋನ್ ತುಂಬಿಸಬೇಕು, ಮೊಬೈಲ್ ಹೋಮಿನಲ್ಲಿರುವವರು (ಕಾರ್ಖಾನೆಯಲ್ಲಿ ಕಟ್ಟಿ ತಂದಿಟ್ಟ ಹಗುರ ಮನೆ) ಹೊರಡಬೇಕು. ವಾರ್ನಿಂಗ್ ಎಂದರೆ ನಕ್ಷೆಯ ಮೇಲೆ ಗೆರೆ ಎಳೆದ ಚಿಕ್ಕ ಬಹುಭುಜ, ಅದರೊಳಗಿದ್ದರೆ ಈ ನಿಮಿಷವೇ ಒಳಗೆ ಹೋಗಬೇಕು. 2007ರ ಅಕ್ಟೋಬರ್‌ನಿಂದ ಇಡೀ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಕೊಡುವುದನ್ನು ಬಿಟ್ಟು ಹೀಗೆ ಬಹುಭುಜದಲ್ಲಿ ಕೊಡುತ್ತಾರೆ. ಆ ದಿನ ಮೋಡಗಳು ಗಂಟೆಗೆ 80ರಿಂದ 95 ಕಿ.ಮೀ. ವೇಗದಲ್ಲಿ ಓಡುತ್ತಿದ್ದವು. 90 ಎಂದಿಟ್ಟುಕೊಳ್ಳಿ, ನಿಮಿಷಕ್ಕೆ ಒಂದೂವರೆ ಕಿ.ಮೀ. ಕೊಕ್ಕೆ 15 ಕಿ.ಮೀ. ದೂರದಲ್ಲಿದೆ ಎಂದರೆ ಉಳಿದದ್ದು 10 ನಿಮಿಷ. ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಳ್ಳುವುದಕ್ಕೆ ಅದರಲ್ಲಿ ಜಾಗವಿಲ್ಲ. ಮಳೆಯ ಪರದೆಯೊಳಗೆ ಸುತ್ತಿಕೊಂಡ ಟಾರ್ನೆಡೊ ಕಿಟಕಿಗೆ ಕಾಣುವುದೂ ಇಲ್ಲ.

ಗಾರೆಗೋಡೆ

ತುರ್ತುಕರೆ ಅವರ ಮಾತಿಗೆ ಅರ್ಧ ಒಪ್ಪಿಗೆ. ಎಚ್ಚರಿಕೆ ತಲುಪಿದ ಮನೆಗಳಲ್ಲೂ ಜನ ಸತ್ತಿದ್ದಾರೆ. ಹೇಳಿದಂತೆಯೇ ಒಳಕೋಣೆಗೆ, ಬಾತ್‌ರೂಮಿಗೆ ಹೋಗಿ ಕೂತವರೂ ಸತ್ತಿದ್ದಾರೆ. ಏಕೆಂದರೆ ಇಎಫ್4, ಇಎಫ್5 ಹಾದಿಯ ನಡುಭಾಗದಲ್ಲಿ ಒಳಕೋಣೆಯೇ ಉಳಿಯುವುದಿಲ್ಲ. ಫಿಲಡೆಲ್ಫಿಯಾ ಎಂಬ ಮಿಸಿಸಿಪ್ಪಿಯ ಊರಿನ ಬಳಿ ಅಂದು ಟಾರ್ನೆಡೊ ನೆಲವನ್ನೇ ಎರಡು ಅಡಿ ಆಳಕ್ಕೆ ಕೆರೆದು ತೆಗೆದಿತ್ತು. ಅಲಬಾಮಾದ ಹ್ಯಾಕಲ್‌ಬರ್ಗ್-ಫಿಲ್ ಕ್ಯಾಂಬೆಲ್ ಟಾರ್ನೆಡೊ 72 ಜನರನ್ನು ಕೊಂದಿತು. ಆ ಭಾಗದಲ್ಲಿ ನೆಲಮಾಳಿಗೆ ಇರುವ ಮನೆ ಕಡಿಮೆ, ಮೊಬೈಲ್ ಹೋಮ್ ಹೆಚ್ಚು. ಸೋರಿದ್ದು ಮುಖ್ಯವಾಗಿ ಇಲ್ಲಿ ಎಂಬುದು ನನ್ನ ನಿಲುವು.

ಮರದ ಚೌಕಟ್ಟಿನ ಮನೆ ಬೀಳುವ ಬಗೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೊದಲು ಗ್ಯಾರೇಜಿನ ಅಗಲ ಬಾಗಿಲು ಒಳಕ್ಕೆ ಮಡಚಿಕೊಳ್ಳುತ್ತದೆ. ಗಾಳಿ ಒಳನುಗ್ಗಿ ಛಾವಣಿಯನ್ನು ಕೆಳಗಿನಿಂದ ಒತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಛಾವಣಿಯನ್ನು ಗೋಡೆಗೆ ಬರಿ ಓರೆ ಮೊಳೆಯಿಂದ ಹೊಡೆದಿದ್ದರೆ ಅದು ಕಿತ್ತು ಹೋಗುತ್ತದೆ. ಛಾವಣಿ ಹೋದ ಮೇಲೆ ಗೋಡೆಗಳಿಗೆ ತಲೆಯ ಆಸರೆ ಇಲ್ಲ, ಒಂದೊಂದಾಗಿ ಹೊರಕ್ಕೆ ಮಲಗುತ್ತವೆ. ಕೊನೆಗೆ ಬುಡದ ಮರದ ಪಟ್ಟಿ ಕಾಂಕ್ರೀಟಿನಿಂದ ಬಿಡುತ್ತದೆ. ನಿಯಮದಲ್ಲಿ ಅರ್ಧ ಇಂಚಿನ ಬೋಲ್ಟ್, 7 ಇಂಚು ಕಾಂಕ್ರೀಟಿನೊಳಗೆ, ಹೆಚ್ಚೆಂದರೆ 6 ಅಡಿಗೊಂದು ಎಂದಿರುತ್ತದೆ. ಬಿದ್ದ ಮನೆಗಳಲ್ಲಿ ಬೋಲ್ಟ್ ಇದ್ದು ನಟ್ಟು-ವಾಷರು ಹಾಕದೇ ಬಿಟ್ಟದ್ದು, ಬೋಲ್ಟಿನ ಬದಲು ಮೊಳೆ ಹೊಡೆದದ್ದು ಮತ್ತೆ ಮತ್ತೆ ಸಿಗುತ್ತದೆ. ಛಾವಣಿಯಿಂದ ಅಡಿಪಾಯದವರೆಗೆ ಸರಪಳಿಯಂತೆ ಹಿಡಿತ ಇರಬೇಕು. ಒಂದು ಕೊಂಡಿ ಸಡಿಲವಿದ್ದರೆ ಉಳಿದವು ಎಷ್ಟು ಗಟ್ಟಿ ಇದ್ದೂ ಪ್ರಯೋಜನವಿಲ್ಲ.

ಕಿಟಕಿ ತೆರೆದಿಟ್ಟರೆ ಒತ್ತಡ ಸರಿಹೋಗಿ ಮನೆ ಉಳಿಯುತ್ತದೆ ಎಂಬುದು ಅಪಾಯದ ನಂಬಿಕೆ. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್‌ನಲ್ಲಿ ಟಾರ್ನೆಡೊದ ಹಾದಿಯಲ್ಲಿಟ್ಟ ಉಪಕರಣ ಸುಮಾರು 100 ಹೆಕ್ಟೊಪ್ಯಾಸ್ಕಲ್ ಒತ್ತಡ ಕುಸಿದದ್ದನ್ನು ಅಳೆದಿತ್ತು, ಅದು ನಿಜ. ಆದರೆ ಮನೆಗಳು ಡಬ್ಬಿಯಂತೆ ಬಿಗಿಯಾಗಿರುವುದಿಲ್ಲ, ಸಂದಿಗಳಲ್ಲಿ ಗಾಳಿ ಸೋರುತ್ತದೆ. ಒಡೆಯುವುದು ಗಾಳಿಯ ಹೊಡೆತದಿಂದ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 150 ಕಿ.ಮೀ. ವೇಗದ ಗಾಳಿ 300 ಆದರೆ ಬಲ ನಾಲ್ಕು ಪಟ್ಟು. ಕಿಟಕಿ ತೆರೆಯುವುದೆಂದರೆ ಗ್ಯಾರೇಜ್ ಬಾಗಿಲಿನ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಹವಾಪಟ

ಹಾಗಾದರೆ ಇಎಫ್5ಗೆ ನಿಲ್ಲುವಂಥದ್ದು ಕಟ್ಟಲು ಸಾಧ್ಯವೇ ಇಲ್ಲವೇ?

ಗಾರೆಗೋಡೆ

ಖಂಡಿತ ಸಾಧ್ಯ. ಇಡೀ ಮನೆಗೆ ಬೇಡ, ಒಂದು ಕೋಣೆಗೆ ಸಾಕು. ಬಿರುಗಾಳಿ ಆಶ್ರಯಗಳಿಗಾಗಿ ಇರುವ ಐಸಿಸಿ 500 ಎಂಬ ಮಾನದಂಡವೂ ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಫೀಮಾದ ಪಿ-361 ಮಾರ್ಗಸೂಚಿಯೂ ಅತಿ ಅಪಾಯದ ವಲಯಕ್ಕೆ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿ.ಮೀ. ವೇಗಕ್ಕೆ ವಿನ್ಯಾಸ ಕೇಳುತ್ತವೆ. ಗೋಡೆ ಬೀಳದಿದ್ದರೆ ಸಾಲದು, ಹಾರಿಬರುವ ವಸ್ತು ತೂರಬಾರದು. ಅದಕ್ಕೆ 6.8 ಕೆ.ಜಿ. ತೂಕದ ಮರದ ತೊಲೆಯನ್ನು ಗಂಟೆಗೆ 160 ಕಿ.ಮೀ. ವೇಗದಲ್ಲಿ ಗೋಡೆಗೆ, ಬಾಗಿಲಿಗೆ ಹೊಡೆದು ಪರೀಕ್ಷಿಸುತ್ತಾರೆ.

ಸೋಲುವುದು ಹೆಚ್ಚಾಗಿ ಬಾಗಿಲು. ಗಟ್ಟಿ ಕಾಂಕ್ರೀಟು ಗೋಡೆ ಕಟ್ಟಿ ಅಂಗಡಿಯಲ್ಲಿ ಸಿಕ್ಕ ಸಾಧಾರಣ ಉಕ್ಕಿನ ಬಾಗಿಲು ಕೂಡಿಸಿದರೆ ಅದು ಆಶ್ರಯವಲ್ಲ. ಬಾಗಿಲು, ಚೌಕಟ್ಟು, ಕೀಲು, ಚಿಲಕ ಎಲ್ಲ ಒಟ್ಟಿಗೆ ಒಂದೇ ಜೋಡಣೆಯಾಗಿ ಪರೀಕ್ಷೆ ಪಾಸಾಗಿರಬೇಕು. ಸಮುದಾಯ ಆಶ್ರಯದಲ್ಲಿ ನಿಂತವರಿಗೆ ತಲಾ 5 ಚದರಡಿ, ಗಾಲಿಕುರ್ಚಿಗೆ 10 ಚದರಡಿ ಲೆಕ್ಕ.

ಅಗಲ ಛಾವಣಿಯ ಗೋದಾಮು, ಅಂಗಡಿ, ಕ್ರೀಡಾಂಗಣಗಳಲ್ಲಿ ಅಡಗಬೇಡಿ. ಎರಕ ಹೊಯ್ದು ಎತ್ತಿ ನಿಲ್ಲಿಸಿದ ಕಾಂಕ್ರೀಟು ಗೋಡೆಗಳಿಗೆ ಛಾವಣಿಯೇ ಆಧಾರ. ಛಾವಣಿ ಎದ್ದರೆ ಟನ್ನುಗಟ್ಟಲೆ ತೂಕದ ಗೋಡೆ ಒಳಕ್ಕೆ ಬೀಳುತ್ತದೆ. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್‌ನಲ್ಲಿ, 2021ರ ಡಿಸೆಂಬರ್ 10ರ ರಾತ್ರಿ ಇಲಿನಾಯ್‌ನ ಎಡ್ವರ್ಡ್ಸ್‌ವಿಲ್‌ನಲ್ಲಿ ಆದದ್ದು ಇದೇ. ಜಾಪ್ಲಿನ್ ತನಿಖೆಯ ಫಲವಾಗಿ ಆಸ್ಪತ್ರೆ, ಶಾಲೆಯಂಥ ಕಟ್ಟಡಗಳಿಗೆ ಟಾರ್ನೆಡೊ ಹೊರೆಯ ಲೆಕ್ಕ ಮೊದಲ ಬಾರಿಗೆ ಕಟ್ಟಡ ವಿನ್ಯಾಸದ ಎಎಸ್‌ಸಿಇ 7-22 ಮಾನದಂಡಕ್ಕೆ ಸೇರಿತು.

ರೇಡಾರ್‌ಕಣ್ಣು

ಕಟ್ಟಡ ಬದಲಾಗಲು ತಲೆಮಾರು ಬೇಕು. ಅಲ್ಲಿಯವರೆಗೆ ಎಚ್ಚರಿಕೆಯ ಸಮಯ ಹೆಚ್ಚಿಸುವುದೇ ದಾರಿ. 20 ನಿಮಿಷ 40 ಆದರೆ ಮೊಬೈಲ್ ಹೋಮಿನವರಿಗೆ ಹೊರಡಲು ಆಗುತ್ತದೆ.

ತುರ್ತುಕರೆ

ಹೊರಟು ಎಲ್ಲಿಗೆ ಹೋಗುತ್ತಾರೆ ಎಂಬುದು ಗೊತ್ತಿಲ್ಲದೆ 40 ನಿಮಿಷ ಕೊಟ್ಟರೆ ಅವರು ರಸ್ತೆಯಲ್ಲಿರುತ್ತಾರೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಟಾರ್ನೆಡೊ 4.2 ಕಿ.ಮೀ. ಅಗಲಕ್ಕೆ ಹಬ್ಬಿತ್ತು. ಹನ್ನೊಂದು ದಿನಗಳ ಹಿಂದಷ್ಟೇ ಮೂರ್ ಎಂಬ ಪಟ್ಟಣವನ್ನು ಟಾರ್ನೆಡೊ ಧ್ವಂಸ ಮಾಡಿದ್ದನ್ನು ಕಂಡಿದ್ದ ಜನ ಕಾರು ಹತ್ತಿ ಓಡಿದರು, ಹೆದ್ದಾರಿಗಳು ಕಟ್ಟಿಕೊಂಡವು. ಆ ಸಂಜೆ ಚರಂಡಿ ಕೊಳವೆಯಲ್ಲಿ ಅಡಗಿದವರು ದಿಢೀರ್ ಪ್ರವಾಹದಲ್ಲಿ ಮುಳುಗಿ ಸತ್ತರು. ಹಾಗಾಗಿ ಮೊಬೈಲ್ ಹೋಮಿನವರು ಹೊರಡಬೇಕಾದದ್ದು ವಾರ್ನಿಂಗಿಗೆ ಅಲ್ಲ, ವಾಚ್ ಬಂದಾಗಲೇ. ಎಲ್ಲಿಗೆ, ಎಷ್ಟು ನಿಮಿಷದ ದಾರಿ, ರಾತ್ರಿ ಆ ಕಟ್ಟಡದ ಬೀಗ ಯಾರು ತೆಗೆಯುತ್ತಾರೆ ಎಂಬುದು ಮೊದಲೇ ತಿಳಿದಿರಬೇಕು. ಬೀಗದ ಕೈ ಇಲ್ಲದೆ ಬಾಗಿಲಲ್ಲಿ ನಿಲ್ಲುವ ಪರಿಸ್ಥಿತಿ ಬರಲೇಬಾರದು.

ಹೆದ್ದಾರಿ ಸೇತುವೆಯ ಕೆಳಗೂ ನಿಲ್ಲಬಾರದು. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಹಾಗೆ ನಿಂತವರು ಸತ್ತಿದ್ದಾರೆ. ಸೇತುವೆಯ ಕೆಳಗಿನ ಇಕ್ಕಟ್ಟಿನಲ್ಲಿ ಗಾಳಿ ಇನ್ನೂ ಬಿರುಸಾಗುತ್ತದೆ, ಇಳಿಜಾರು ಹತ್ತಿ ಕೂತರೆ ನೆಲಮಟ್ಟಕ್ಕಿಂತ ಹೆಚ್ಚು ಗಾಳಿ ಬಡಿಯುತ್ತದೆ.

ರೇಡಾರ್‌ಕಣ್ಣು

ಒಪ್ಪಿದೆ. ನಿಮಿಷಗಳ ಲೆಕ್ಕದಲ್ಲಿ ಹೋಗುವ ಜಾಗವನ್ನು ನಾನು ಸೇರಿಸಿರಲಿಲ್ಲ.

ಪುಟತಿರುವು

ಎಲ್ ರೀನೊ ಅಷ್ಟು ದೊಡ್ಡದಿದ್ದೂ ಇಎಫ್3 ಎಂದೇ ದಾಖಲಾಗಿದೆಯಲ್ಲ, ಏಕೆ?

ಗಾರೆಗೋಡೆ

ಇಎಫ್ ಎಂಬುದು ಗಾಳಿಮಾಪಕವಲ್ಲ, ಹಾನಿ ನೋಡಿ ಗಾಳಿಯನ್ನು ಊಹಿಸುವ ಕ್ರಮ. 28 ಬಗೆಯ ಗುರುತುಗಳಿವೆ: ಮನೆ, ಶಾಲೆ, ವಿದ್ಯುತ್ ಕಂಬ, ಮರ ಇತ್ಯಾದಿ. ಪ್ರತಿಯೊಂದಕ್ಕೂ ಹಾನಿಯ ಹಂತಗಳು, ಪ್ರತಿ ಹಂತಕ್ಕೂ ನಿರೀಕ್ಷಿತ, ಕನಿಷ್ಠ, ಗರಿಷ್ಠ ವೇಗ. ಚೆನ್ನಾಗಿ ಕಟ್ಟಿದ ಮನೆ ಅಡಿಪಾಯದಿಂದ ಗುಡಿಸಿಹೋದರೆ ನಿರೀಕ್ಷಿತ ವೇಗ ಗಂಟೆಗೆ ಸುಮಾರು 322 ಕಿ.ಮೀ. ಅದೇ ಮನೆಗೆ ನಟ್ಟು ಹಾಕಿಲ್ಲದಿದ್ದರೆ 266ರವರೆಗೆ ಇಳಿಸಬಹುದು, ಇಎಫ್4ರ ಮೇಲಂಚಿನಲ್ಲಿದ್ದದ್ದು ಇಎಫ್3ರ ಮೇಲಂಚಿಗೆ ಬರುತ್ತದೆ. ಎಲ್ ರೀನೊ ಬಹುಪಾಲು ಬಯಲಲ್ಲಿ ಸಾಗಿತು. ರೇಡಾರ್ ಅದರಲ್ಲಿ ಗಂಟೆಗೆ 480 ಕಿ.ಮೀ.ಗೂ ಹೆಚ್ಚಿನ ಗಾಳಿ ಅಳೆದಿತ್ತು, ಆದರೆ ಆ ಗಾಳಿ ತಾಗಿದ ಕಡೆ ಮುರಿಯಲು ಕಟ್ಟಡವಿರಲಿಲ್ಲ. ಹಾಗಾಗಿ ಹಾನಿಯ ಲೆಕ್ಕಕ್ಕೆ ಇಎಫ್3.

ಸಮೀಕ್ಷೆಗೆ ಹೋದವರು ಮೊದಲು ಮರಗಳ ದಿಕ್ಕು ನೋಡಬೇಕು. ಹಾದಿಯ ಎರಡೂ ಬದಿಯ ಮರಗಳು ನಡುಗೆರೆಯ ಕಡೆ ಬಿದ್ದಿದ್ದರೆ ಟಾರ್ನೆಡೊ. ಬೀಸಣಿಗೆಯಂತೆ ಹೊರಕ್ಕೆ ಚದುರಿದ್ದರೆ ಮೋಡದಿಂದ ಧುಮುಕಿದ ಗಾಳಿ, ಅಂದರೆ ಡೌನ್‌ಬರ್ಸ್ಟ್. ಟಾರ್ನೆಡೊ ವಿಜ್ಞಾನಿ ಟೆಡ್ ಫುಜಿತಾ 1974ರ ಸರಣಿಯ ನಂತರ ವಿಮಾನದಿಂದ ಹಾರಿ ಗಮನಿಸಿದ ವ್ಯತ್ಯಾಸ ಇದು. ಅಡಿಪಾಯದ ಫೋಟೊ ತೆಗೆಯುವಾಗ ಬೋಲ್ಟಿನ ಪಕ್ಕ ಅಳತೆಪಟ್ಟಿ ಇಡಿ. ಅವಶೇಷ ತೆರವಿನ ಯಂತ್ರಗಳು ಬಂದ ಮೇಲೆ ಗುರುತುಗಳೆಲ್ಲ ಅಳಿಸಿಹೋಗುತ್ತವೆ, ಬಹಳವೆಂದರೆ ಎರಡು ಮೂರು ದಿನ ಸಿಗುತ್ತದೆ.

ಹವಾಪಟ

ರೇಡಿಯೊ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. ಕರೆಂಟ್ ಹೋದ ಮನೆಯಲ್ಲಿ ಎಚ್ಚರಿಕೆ ಬರಬೇಕಾದರೆ ನಿಖರವಾಗಿ ಏನೇನು ಬೇಕು?

ತುರ್ತುಕರೆ

ಒಂದೇ ದಾರಿಯನ್ನು ನಂಬಬೇಡಿ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ದಾರಿ ಇರಲಿ. ಮೊದಲನೆಯದು ಬ್ಯಾಟರಿ ಹಾಕುವ ವೆದರ್ ರೇಡಿಯೊ. 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಏಳು ವಾಹಿನಿಗಳಿವೆ. ಹತ್ತಿರದ್ದನ್ನು ಹಿಡಿಸಿ, ಯಾವ ಕೌಂಟಿಯ ಎಚ್ಚರಿಕೆಗೆ ಕೂಗಬೇಕೆಂದು ರೇಡಿಯೊಗೆ ಹೇಳುವ, ನಿಮ್ಮ ಕೌಂಟಿಯ ಆರು ಅಂಕಿಯ ಸೇಮ್ ಕೋಡ್ ತುಂಬಿ, ಪಶ್ಚಿಮಕ್ಕೂ ನೈರುತ್ಯಕ್ಕೂ ಇರುವ ಪಕ್ಕದ ಕೌಂಟಿಗಳ ಕೋಡನ್ನೂ ಸೇರಿಸಿ, ಏಕೆಂದರೆ ಬಿರುಗಾಳಿ ಬರುವುದು ಹೆಚ್ಚಾಗಿ ಆ ಕಡೆಯಿಂದ. ಎಲ್ಲ ಕೌಂಟಿಗಳನ್ನೂ ತುಂಬಿದರೆ ರಾತ್ರಿಯಿಡೀ ಕೂಗಿ, ಬೇಸತ್ತು ಪ್ಲಗ್ ಕೀಳುವ ಹಾಗಾಗುತ್ತದೆ. ಬ್ಯಾಟರಿ ವರ್ಷಕ್ಕೆರಡು ಬಾರಿ ಬದಲಿಸಿ. ಗೋಡೆಯ ಕರೆಂಟಿನಲ್ಲಿ ಓಡುವಾಗ ಒಳಗಿನ ಬ್ಯಾಟರಿ ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ, ಪ್ಲಗ್ ತೆಗೆದು ವಾರದ ಪರೀಕ್ಷಾ ಸಂಕೇತಕ್ಕೆ ಅದು ಕೂಗುತ್ತದೆಯೇ ನೋಡಿ.

ಎರಡನೆಯದು ಫೋನಿನ ತುರ್ತು ಸಂದೇಶ. ಮಲಗುವಾಗ ಫೋನ್ ಸದ್ದಡಗಿಸಿದರೂ ಈ ಸದ್ದು ಬರುವಂತೆ ಸೆಟ್ಟಿಂಗ್ ಇದೆಯೇ ನೋಡಿಕೊಳ್ಳಿ. ಟವರ್‌ಗಳೇ ಬಿದ್ದರೆ ಇದು ಬರುವುದಿಲ್ಲ. ಮೂರನೆಯದು ಮನುಷ್ಯ: ಬಿರುಗಾಳಿಯ ಹಾದಿಯಿಂದ ದೂರದ ಊರಿನಲ್ಲಿ ಎಚ್ಚರವಿದ್ದು, ನಿಮ್ಮ ಬಹುಭುಜಕ್ಕೆ ವಾರ್ನಿಂಗ್ ಬಂದರೆ ಫೋನ್ ಮಾಡುವ ಒಬ್ಬರು. ಸೈರನ್ನನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಹೊರಗಿರುವವರಿಗೆ, ಮುಚ್ಚಿದ ಮನೆಯೊಳಗೆ ಮಳೆಯ ಸದ್ದಿನಲ್ಲಿ ಕೇಳಿಸುವ ಭರವಸೆ ಇಲ್ಲ.

ಗಾಳಿ ನಿಂತ ಮೇಲೆ ಜನರೇಟರ್ ಹಚ್ಚುವವರು ಅದನ್ನು ಮನೆಯಿಂದ ಕನಿಷ್ಠ 20 ಅಡಿ ದೂರ ಇಟ್ಟು, ಹೊಗೆಕೊಳವೆಯನ್ನು ಮನೆಯ ವಿರುದ್ಧ ದಿಕ್ಕಿಗೆ ತಿರುಗಿಸಿ. ಬಾಗಿಲು ತೆರೆದ ಗ್ಯಾರೇಜು 'ಹೊರಗೆ' ಅಲ್ಲ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಟಾರ್ನೆಡೊದಿಂದ ಪಾರಾದವರನ್ನು ಅದು ಮಲಗಿದಲ್ಲೇ ಕೊಂದಿದೆ.